ಸತ್ತಾಕಿ ಶೇಂಗಾ ತಿನ್ನಾಕತ್ಯಾಳ

ಹಲೋ... ಹಲೋ, ಯಾರ್ರೀ ಮಾತಾಡೋದು?... ಯಾರು?... ಜೋರಾಗಿ ಹೇಳ್ರಿ, ಹೊಸಹಳ್ಳ್ಯಾಗ ಇವತ್ತು ಗಾಳಿ ಬಾಳ ಐತಿ, ಅರ್ಧಾ ಮಾತು ಹಾರಿ ಹೋಗಾಕತ್ತಾವು...

ಹಾಂ ಹಾಂ, ದುರುಗಮ್ಮಾನ ಮಾತಾಡೋದು. ಆದ್ರ ನೋಡ್ರಿ, ಹಾದ್ಯಾಗ ಹೋಗೋರು ಬರೋರು ಫೋನ್ ಮಾಡಿದ್ರ ಈಗ ನಾ ಮಾತಾಡಂಗಿಲ್ಲ. ನಾನು ಪಿಚ್ಚರ್ ಹೀರೋಯಿನ್ ಆಗೀನಿ. ನನ್ನ ಮಾರಿ ನೋಡಾಕ ಕೂಡ್ಲಿಗಿಯಿಂದ, ಕೊಟ್ಟೂರಿಂದ, ಹಡಗಲಿಯಿಂದ ಟ್ರ್ಯಾಕ್ಟರ್ ಮಾಡ್ಕೊಂಡು ಮಂದಿ ಬಂದಾರ. ನಿಲ್ಲಾಕ ಜಾಗ ಸಾಲದ ಬೇವಿನ ಗಿಡ ಹತ್ತಿ ಕುಂತಾರ... ಆತು ಬಿಡ್ರಿ, ಅರ್ಧಾ ಸುಳ್ಳು. ಟ್ರ್ಯಾಕ್ಟರ್ ಒಂದಾ ಬಂದಿತ್ತು, ಅದೂ ಗೊಬ್ಬರ ಹೇರ್ಕೊಂಡು ಹೊಂಟಿತ್ತು. ಗಿಡ ಹತ್ತಿದ್ದು ಮಂಗ್ಯಾ. ಪಿಚ್ಚರ್‌ನಾಗ ಅದೀನಿ ಅಂಬೋದು ಮಾತ್ರ ಖರೇ...

ಯಾವ ಸಂಘಮಿತ್ರಾ?... ನನಗೊಬ್ಬಾಕಿ ಮಗಳು ಆ ಹೆಸರಿನಾಕಿ ಅದಾಳ, ಬೊಮ್ಮನಹಳ್ಳಿ ದವಾಖಾನ್ಯಾಗ ನರ್ಸು. ಅವರಪ್ಪ ಇಟ್ಟ ಹೆಸರು, ನನ್ನ ಬಾಯಾಗ ಹಿಡಿಯಂಗಿಲ್ಲ, ನಾ ಸಂಗವ್ವ ಅಂತೀನಿ. ಆದ್ರ ಆಕಿ ಫೋನ್ ಮಾಡೋದು ಐತವಾರಕ್ಕೊಮ್ಮಿ. ಇವತ್ತು ಬುಧವಾರ ಅಲ್ವಾ?...

ಸಂಗವ್ವ, ಯಾಕ ಹಂಗ ಉಸುರು ಬಿಡಾಕತ್ತಿ? ಏನಾತು?... ಏನು ನೋಡಿದಿ?... ಯಾರ ಫೋನಿನಾಗ?...

ಅಯ್ಯ ನನ ಕಂದ. ನಿಂದ್ರು ನಿಂದ್ರು, ಅಳಬ್ಯಾಡ. ಮೊದಲು ಇದನ್ನ ಕೇಳು. ನಿನ್ನ ಮಗಳು ನೆಟ್ಟಗದಾಳ. ಇಲ್ಲೇ ಕಟ್ಟಿ ಮ್ಯಾಲೆ ಕುಂತು ಶೇಂಗಾ ತಿನ್ನಾಕತ್ಯಾಳ, ಸಿಪ್ಪಿ ಎಲ್ಲಾ ನನ್ನ ಸೀರಿ ಮ್ಯಾಲೆ ಉಗುಳಾಕತ್ಯಾಳ. ಹೌದು, ಚಟ್ಟದ ಮ್ಯಾಲೆ ಮಲಗಿದ್ದು ನಮ್ಮ ಕ್ರಾಂತೀನ. ಹಾರ ಹಾಕಿದ್ದು, ಮೂಗಿನಾಗ ಹತ್ತಿ ಇಟ್ಟಿದ್ದು, ಎಲ್ಲಾ ಹೌದು. ಪಿಚ್ಚರ್‌ದು ಅವ್ವ ಅದು, ಪಿಚ್ಚರ್‌ದು...

ಹಾಂ, ಕೊಡ್ತೀನಿ, ಕೊಡ್ತೀನಿ. ಏ ಕ್ರಾಂತೀ, ಬಾ ಇಲ್ಲಿ, ನಿಮ್ಮವ್ವ. ಕೈ ಒರಸ್ಕೊ ಮೊದಲು. ಹಿಡಿ, ಕಿವಿಗೆ ಹಿಡಿ, ಬಾಯಿಗಲ್ಲ...

...

...

ಹಾಂ, ಕೇಳಿದ್ಯಾ? ದನಿ ಕೇಳಿ ಸಮಾಧಾನ ಆತೋ ಇಲ್ಲೋ?... ಏನಂದ್ಲು?... "ನಾ ಅಂಜಿಲ್ಲ" ಅಂದ್ಲಾ? ನನ್ನ ಮುಂದೂ ಹಂಗಾ ಅಂದಾಳ...

ಇಲ್ಲ, ಹೋದ್ಲು. ದೆವ್ವದ ಕೂಡ ಕುಂಟಾಪಿಲ್ಲಿ ಆಡಾಕ ಹೋದ್ಲು... ಹೂಂ ಮತ್ತ, ದೆವ್ವಾನ. ಪ್ರಿಯಾ ಅಂತ ಆಕಿ ಹೆಸರು, ಹರಪನಹಳ್ಳಿ ಹುಡುಗಿ. ದೆವ್ವದ ಕೂದಲು ಮಣಕಾಲು ತನಕ, ಕಣ್ಣಿನ ಸುತ್ತ ಕಾಡಿಗಿ ಕೊಡ ಸುರವಿದಂಗ. ಆದ್ರ ಬಾಳ ಚಲೋ ಕೂಸು. ಮೊನ್ನಿ ಮಧ್ಯಾಹ್ನ ಆ ವೇಷದಾಗಾ ನಮ್ಮ ಮನಿಗೆ ಬಂದು ನಾಲ್ಕು ರೊಟ್ಟಿ ತಿಂದು, ಬದನಿಕಾಯಿ ಪಲ್ಯ ಇನ್ನೊಂದೀಟು ಹಾಕ್ರಿ ಅಜ್ಜಿ ಅಂದ್ಲು. ಹಾಲು ಹಾಕಾಕ ಬಂದಿದ್ದ ಬೊಮ್ಮಪ್ಪ ಬಾಗಿಲದಾಗ ನೋಡಿ, ಚರಿಗಿ ಅಲ್ಲೇ ಒಗದು ಓಡ್ಯಾನ ನೋಡು, ಉಚ್ಚಂಗಿದುರ್ಗದ ಗುಡ್ಡ ಹತ್ತಿ ಆಕಡಿ ಇಳಿದಿರಬೇಕು...

ನಗಾಕತ್ಯಾ? ನಗು, ನಗು. ನೀ ನಕ್ರ ನನಗೂ ಹಗುರ...

ಅದಾ ಬಂತು ನೋಡು ಮಾತು. ಯಾರನ್ನ ಕೇಳಿ ಸೇರ್ಸಿದಿ ಅಂದ್ರ... ನನ್ನಾ ಕೇಳಿದ್ರು. ಕಾಗದ ತಂದ್ರು. ತಾಯಿ ಸಹಿ ಮಾಡಬೇಕು ಅಂದ್ರು. ಈಕಿ ತಾಯಿಗೆ ತಾಯಿ ನಾನು, ತಾಯಿಗಿಂತ ಒಂದು ಕೈ ಹೆಚ್ಚಾ ಅಂತ ಹೆಬ್ಬೆಟ್ಟು ಒತ್ತಿದೆ... ಹೌದವ್ವ, ತಪ್ಪು. ನಡಿಯಂಗಿಲ್ಲ ಅಂತ ಈಗ ತಿಳಿದೈತಿ. ಆದ್ರ ಚಟ್ಟದ ಸುದ್ದಿ ಆ ಕಾಗದದಾಗ ಇದ್ದಿಲ್ಲ. ಕೂಸು ಓಡ್ತೈತಿ, ಕಿರಚ್ತೈತಿ, ಬಾವ್ಯಾಗ ಹಣಕಿ ಹಾಕ್ತೈತಿ, ಇಷ್ಟಾ ಅಂತ ಓದಿ ಹೇಳಿದ್ರು. ಓಡೋದೂ ಕಿರಚೋದೂ ಆಕಿ ಪುಕ್ಕಟ ದಿನಾ ಮಾಡ್ತಾಳ, ಇನ್ನ ಪಿಚ್ಚರ್‌ನಾಗ ಮಾಡಿದ್ರೇನು ಅಂದೆ...

ಏನಂದಿ? ದನಿ ಸಣ್ಣಗ ಮಾಡಬ್ಯಾಡ, ನನಗ ಕೇಳಂಗಿಲ್ಲ. ಇನ್ನೊಮ್ಮಿ ಹೇಳು... ದೃಷ್ಟಿ ತೆಗದಿಯೇನು ಅಂದ್ಯಾ?...

ತಡಿ ತಡಿ, ಎಲಿಅಡಿಕಿ ಗಂಟಲಿಗೆ ಸಿಕ್ಕತು. ಸೂರ್ಯಗ್ರಾಣದ ದಿನಾ ಓಣಿ ನಡುವ ನಿಂತು ಮಂಡಕ್ಕಿ ತಿಂದಾಕಿ ನೀನಾ ಅಲ್ವಾ? ದೃಷ್ಟಿ ಇಲ್ಲ, ಶಕುನ ಇಲ್ಲ, ದೆವ್ವ ಭೂತ ಎಲ್ಲಾ ಮನಸಿನ ಭ್ರಮಿ ಅಂತ ನಮ್ಮ ಹೆಣ್ಮಕ್ಕಳನ್ನೆಲ್ಲಾ ಕುಂಡ್ರಿಸಿ ಹೇಳಿದಾಕಿ? ದಿನಾ ಹೆಣ ನೋಡಾಕಿ ನೀನು. ಮಾರೇಶಗ ಹೇಳ್ಲ್ಯಾ, ನಿನ್ನ ಹೇಣ್ತಿ ಉಪ್ಪು ಮೆಣಸಿನಕಾಯಿ ಕೇಳಾಕತ್ಯಾಳ ಅಂತ?...

ಆತು, ಹೇಳಂಗಿಲ್ಲ. ಗಂಡ ಹೆಂಡತಿ ನಡುವ ನಾ ಯಾಕ ಬರ್ಲಿ. ತೆಗದೀನಿ. ನಿನ್ನ ಹೆಸರೀಲೆನೂ ಒಂದು ಮುಟಿಗಿ ಹೆಚ್ಚಿಗಿ ಹಾಕಿ ತೆಗದೀನಿ. ನಂಬದಿದ್ದೋರಿಗೂ ಘಾಟು ಬರ್ತೈತಿ, ಏನ್ ಮಾಡೋದು...

ಹೇಳ್ತೀನಿ, ಮೊದಲಿಂದ ಹೇಳ್ತೀನಿ ಕೇಳು. ಶಿವಶಂಕರ ಅಂತ ಡೈರೆಕ್ಟರು, ಬಾಗಳಿ ಕಡೆಯ ಹುಡುಗ. ಬರೇ ಗಡ್ಡ, ಮೈಯಾಗ ಖಂಡ ಇಲ್ಲ. ಬಿಸಿಲಿಗೆ ನಿಂತ್ರ ನೆಳ್ಳು ಬೀಳಂಗಿಲ್ಲ ಅಷ್ಟು ಬಡಕಲು. ಹಾಳು ಬಾವ್ಯಾಗ ಒಂದು ದೆವ್ವ, ಅದು ಸಾಲಿ ಹುಡುಗರನ್ನ ಒಬ್ಬೊಬ್ಬರನ್ನಾ ಕರಕೊಂಡು ಹೋಗೋದು, ಇಷ್ಟಾ ಕತಿ. ಶೂಟಿಂಗ್ ನೋಡಾಕ ಹೋದ ನಮ್ಮ ಕ್ರಾಂತೀನ ನೋಡಿ, ಈ ಕಣ್ಣು ಬೇಕು ನನಗ ಅಂದ...

ನಿನ್ನೆ ಸಂಜಿಕಿ ಅಳಾಕ ಹೆಣ್ಮಕ್ಕಳು ಬೇಕು ಅಂದ. ನಮ್ಮೂರಾಗ ಅಳೋರಿಗೇನು ಬರ? ಹನ್ನೆರಡು ಮಂದಿ ಹೋದ್ವಿ, ತಲಿ ಬಾಚ್ಕೊಂಡು, ಪೌಡರ್ ಹಚ್ಕೊಂಡು. ಹೋಗಿ ನೋಡ್ತೀವಿ, ಹಸೀ ಬಿದಿರಿನ ಚಟ್ಟ. ಅದರ ಮ್ಯಾಲೆ ನಮ್ಮ ಕೂಸು...

ಇಲ್ಲವ್ವ, ನನಗೂ ಗೊತ್ತಿದ್ದಿಲ್ಲ. ಈ ಊರಾಗ ಹನ್ನೆರಡು ಹೆಣ್ಮಕ್ಕಳು ಒಟ್ಟಿಗೆ ಸುಮ್ಮಕ ಕುಂತಿದ್ದು ಅದಾ ಮೊದಲು. ಡೈರೆಕ್ಟರು ಅಳ್ರಿ ಅಂತಾನ. ಬದುಕಿರೋ ಕೂಸಿನ ಹೆಸರು ಹಿಡದು ಹಾಡಿ ಅಳಾಕ ಯಾರಿಗೆ ನಾಲಿಗಿ ಹೊಳ್ಳತೈತಿ ಹೇಳು? ಹೊಳ್ಳಬಾರದು. ಆಗ ಜಂಬಕ್ಕ ಕಿವ್ಯಾಗ ಅಂದ್ಲು, ಕೂಸಿಗೆ ಅಳೋದು ಬ್ಯಾಡ, ನಮ್ಮ ನಮ್ಮ ಸತ್ತೋರಿಗೆ ಅಳೋಣ, ಹನ್ನೆರಡು ಗಂಟಲು ಕೂಡಿದ್ರ ಈ ಹುಡುಗರಿಗೆ ಏನು ತಿಳೀತೈತಿ ಅಂತ. ಆಗಲಿ ಅಂದ್ವಿ...

ಯಾರ್ಯಾರಿಗೆ ಅಂತ ಕೇಳಬ್ಯಾಡ. ಶಿವಮ್ಮ ತನ್ನ ಅತ್ತಿ ಸಲುವಾಗಿ ಅತ್ಲು. ಆ ಅತ್ತಿ ಸತ್ತ ದಿನ ಒಂದು ಹನಿ ಹಾಕಿದಾಕಿ ಅಲ್ಲ, ಒಂಬತ್ತು ವರ್ಷದ್ದು ನಿನ್ನೆ ಒಮ್ಮಿಗೇ ಸುರಿಸಿದ್ಲು. ನಮ್ಮ ಜ್ವಾಳದ ಹಗೇವಿಗೆ ನೀರು ಹೊಕ್ಕತು. ನಾನು ನಿಮ್ಮಪ್ಪಗ ಅತ್ತೆ. ಅಳಾಕ ಹೋದ್ರ ಬೈಗುಳ ಬಂದ್ವು. "ಹೊಸಾ ಛತ್ರಿ ಬಸ್ಸಿನಾಗ ಬಿಟ್ಟು ಬಂದ್ಯಲ್ಲೋ ಪಕ್ಕೀರಪ್ಪ, ಅದನ್ನ ತರದಾ ಹೋಗಿಬಿಟ್ಯಲ್ಲೋ" ಅಂತ. ಜಂಬಕ್ಕಗ ಪಾಪ, ಸತ್ತೋರು ಯಾರೂ ಇಲ್ಲ, ಅವರದು ಗಟ್ಟಿ ಮನೆತನ, ತೊಂಬತ್ತರ ಮಾವ ಇನ್ನಾ ಸೈಕಲ್ ತುಳೀತಾನ. ಆಕಿ ಎಮ್ಮಿಗೆ ಅತ್ಲು...

ಎಮ್ಮಿಗೆ, ಎಮ್ಮಿಗೆ. ಹೋದ ವರ್ಷ ಸತ್ತಿತ್ತಲ್ಲ ಆ ಕೋಡು ಮುರುಕಿ. ಎದಿ ಬಡಕೊಂಡು, "ಮುಂಜಾನಿ ಎಂಟು ಲೀಟರು ಕೊಡ್ತಿದ್ದೆಲ್ಲೇ ನನ್ನವ್ವಾ, ಒದೀದ ನಿಲ್ತಿದ್ದೆಲ್ಲೇ, ಆ ಪಕ್ಕದ ಮನಿಯೋರ ಕಣ್ಣಾ ತಾಗಿತಲ್ಲೇ" ಅಂತ. ಪಕ್ಕದ ಮನಿಯೋರು ಅಂದ್ರ ಯಾರು? ಬಾಜೂಕ ಕುಂತು ಅಳಾಕತ್ತಿದ್ದ ಶಿವಮ್ಮಾನ. ಆಕಿ ಅಳೋದು ಬಿಟ್ಟು, "ನಿಮ್ಮೆಮ್ಮಿಗೆ ನಾವ್ಯಾಕ ಕಣ್ಣು ಹಾಕೋಣಲೇ" ಅಂತ ಅದಾ ರಾಗದಾಗ ಎತ್ಕೊಂಡ್ಲು. ಡೈರೆಕ್ಟರು ದೂರದಾಗ ನಿಂತು ಕಣ್ಣು ಒರಸ್ಕೊಳ್ಳಾಕತ್ತಿದ್ದ, ಎಂಥಾ ದುಃಖ ಎಂಥಾ ದುಃಖ ಅಂತ...

ಅದೀಯೇನು ಅಂದ್ಯಾ? ಅದೀನಿ. ನೀ ನಗೋದು ಮುಗೀಲಿ ಅಂತ ಸುಮ್ಮಕಿದ್ದೆ...

ಹಾಂ, ಚಟ್ಟದ ಮ್ಯಾಲೆ ಇದ್ದಾಕಿಗೆ ಎಲ್ಲಾ ಕೇಳಾಕತ್ತಿತ್ತು. ಮೊದಲು ಹೊಟ್ಟಿ ಅಲಗಾಡ್ತು. ಆಮ್ಯಾಕ ಹಾರ. ಆಮ್ಯಾಕ ಹೆಣ ಫಕ್ ಅಂತು ನೋಡು, ಮೂಗಿನಾಗಿನ ಹತ್ತಿ ಹಾರಿ ಜಂಬಕ್ಕನ ತುರುಬಿಗೆ ಹೋಗಿ ಕುಂತತು. ಅಲ್ಲಿಗೆ ಶೂಟಿಂಗ್ ಬಂದ್. ನಾಳೆ ಇನ್ನೊಮ್ಮಿ ಅಂದ ಡೈರೆಕ್ಟರು...

ಅದು ಹುಲುಗೇಶನ ಕೆಲಸ. ದನಿ ಹಿಡಿಯೋನು, ಕಿವಿಗೆ ಡಬ್ಬಿ ಹಚ್ಕೊಂಡಿರ್ತಾನಲ್ಲ, ಕೊಟ್ಟೂರಾವ. ತನ್ನ ಫೋನಿನಾಗ ವಿಡಿಯೋ ಹಿಡದು ಸ್ಟೇಟಸ್ ಹಾಕ್ಯಾನ. ನಗು ಬರೋಕಿಂತ ಮುಂಚಿಂದು ಅಷ್ಟಾ ಹಾಕ್ಯಾನ ಮೂಳ. ಅದಾ ಸುತ್ತಿ ಸುತ್ತಿ ನಿಮ್ಮ ದವಾಖಾನಿಗೆ ಬಂದೈತಿ... ತೆಗಿಸೀನಿ. ನಿನ್ನ ದನಿ ಕೇಳೋಕಿಂತ ಮುಂಚೇನ ಮುಂಜಾನಿ ತೆಗಿಸೀನಿ. ಕಿವಿ ಹಿಂಡಿದ ರಭಸಕ್ಕ ಇನ್ನ ಎಂಟು ದಿನ ಅವನಿಗೆ ಡಬ್ಬಿ ಹಚ್ಕೊಳ್ಳಾಕ ಆಗಂಗಿಲ್ಲ...

ಇಲ್ಲ. ಎರಡನೇ ಸಲ ಮಲಗಿಸಿಲ್ಲ... ಇಲ್ಲ ಅಂದ್ನೆಲ್ಲ ತಾಯಿ. ನಿನಗ ಸುಳ್ಳು ಹೇಳ್ತೀನೇನು? ಹೇಳ್ತೀನಿ, ಆದ್ರ ಇಂಥಾದ್ರಾಗ ಹೇಳಂಗಿಲ್ಲ...

ಆಕಿಗೆ ಮಲಗಬೇಕು ಅಂತ ಇತ್ತು. ಈ ಸಲ ನಗಂಗಿಲ್ಲ ಅಂದ್ಲು ಡೈರೆಕ್ಟರಗ. ಹಲ್ಲು ಕಚ್ಚಿ ತೋರಿಸಿದ್ಲು. ಆದ್ರ ಕೇಳು. ಮನಿಗೆ ಬರೋ ಹಾದ್ಯಾಗ ನನ್ನ ಕೈ ಬಿಡ್ಲಿಲ್ಲ. ಇನ್ನೊಂದು ಕೈಲೆ ಮೂಗು ಮುಟ್ಕೊಳ್ತಾಳ, ಬಿಡ್ತಾಳ, ಮತ್ತ ಮುಟ್ಕೊಳ್ತಾಳ. ಹತ್ತಿ ಇನ್ನಾ ಐತೇನೋ ಅಂಬಂಗ. ಅಂಜಿದ್ಯೇನು ಅಂದೆ. ಇಲ್ಲಪ್ಪ ಅಂದ್ಲು. ಇಲ್ಲ ಅಂತಾಳ, ಮೂಗು ಮುಟ್ಕೊಳ್ತಾಳ...

ಅದಕಾ. ಮುಂಜಾನಿ ಎದ್ದು ಮಾರಿ ತೊಳಕೊಂಡು ಸೀದಾ ಡೈರೆಕ್ಟರ ಹತ್ರ ಹೋದೆ. ಎಲ್ಲಾರ ಮುಂದ ಕೇಳಿದೆ, ಲೋ ಶಿವಶಂಕರಾ, ನಿಮ್ಮ ಬಾಗಳ್ಯಾಗ ಎಂಟು ವರ್ಷದ ಕೂಸಿಗೆ ಚಟ್ಟ ಕಟ್ತಾರೇನೋ ಅಂತ. ಅವನಿಗೆ ಗೊತ್ತಿಲ್ಲ. ದೊಡ್ಡ ದೊಡ್ಡ ಪಿಚ್ಚರ್‌ನಾಗ ನೋಡಿದ್ದಂತ. ನಾ ಹೇಳಿದೆ, ನಮ್ಮಾಗ ಕೂಸು ಹೋದ್ರ ಒಬ್ಬಾತ ಎದಿಗೆ ಅವಚ್ಕೊಂಡು ಒಯ್ತಾನ. ಹಾರ ಇಲ್ಲ, ಹಲಗಿ ಬಾರ್ಸೋದಿಲ್ಲ, ಹಾಡಿ ಅಳೋದೂ ಇಲ್ಲ. ಚಟ್ಟ, ಹಾಡು, ಎದಿ ಬಡಕೊಳ್ಳೋದು ಎಲ್ಲಾ ನನ್ನಂಥ ಹಣ್ಣಾದೋರಿಗೆ ಅಂದೆ...

ಅವನ ಮಾರಿ ಸಣ್ಣದಾತು ಪಾಪ. ಗಡ್ಡ ಜಗ್ಗಿಕೊಂಡು ಬೇವಿನ ಗಿಡದ ಬುಡಕ ಕುಂತ. ಚಟ್ಟ ಕಟ್ಟೈತಲ್ಲ ಅಜ್ಜಿ, ಹೆಣ್ಮಕ್ಕಳೂ ಬಂದಾರಲ್ಲ, ಏನ್ ಮಾಡ್ಲಿ ಅಂದ. ಕತಿ ತಿದ್ದು ಅಂದೆ. ಕೂಸಿಗೆ ಬದಲಿ ಅಜ್ಜಿ ಹೋಗ್ಲಿ ಬಾವಿಗೆ. ಅಜ್ಜಿ ದೆವ್ವಕ್ಕ ಹೇಳ್ಲಿ, ಸಣ್ಣೋರನ್ನ ಮುಟ್ಟಬ್ಯಾಡ, ಉಂಡು ತಿಂದು ಹಣ್ಣಾಗೀನಿ, ಬೇಕಾದ್ರ ನನ್ನ ಒಯ್ಯಿ ಅಂತ. ದೆವ್ವ ಕೂಸು ಬಿಟ್ಟು ಅಜ್ಜಿನ ಒಯ್ಲಿ. ಕೂಸು ಮನಿಗೆ ಬಂದು ರೊಟ್ಟಿ ತಿನ್ಲಿ...

ಹೂಂ. ಎದ್ದಾ ಬಿಟ್ಟ. ನನ್ನ ಕಾಲಿಗೆ ಬಿದ್ದ. ಬಿದ್ದ ಅಂದ್ರ, ನನ್ನ ಚಪ್ಪಲಿ ಎಡವಿ ಬಿದ್ದ, ಆದ್ರ ಬಿದ್ದಿದ್ದು ಖರೇ...

ಯಾರು ಅಜ್ಜಿ ಅಂದ್ರ? ಊರಾಗ ನನ್ನಂಥಾ ಸುಂದ್ರಿ ಇನ್ನೊಬ್ಬಾಕಿ ಯಾರದಾಳ?...

ಏನು? ನಾನೂ ಬ್ಯಾಡೇನು? ನಾನೂ ಮಲಗಬಾರದಾ?...

ಅಳಬ್ಯಾಡಲೇ ಸಂಗವ್ವ. ಹುಚ್ಚಿ. ಆಗಿ ಹೋಗೈತಿ. ಮುಂಜಾನಿ ಹತ್ತಕ್ಕ ಸತ್ತೆ, ಹನ್ನೊಂದಕ್ಕ ಎದ್ದೆ, ಚಾ ಕುಡದು, ಈಗ ನಿನ್ನ ಜೋಡಿ ಮಾತಾಡಾಕತ್ತೀನಿ. ಇಷ್ಟು ಲಗೂನ ಸತ್ತು ಬಂದಾಕಿ ನಮ್ಮ ತಾಲೂಕಿನಾಗ ಯಾರರ ಇದ್ರ ತೋರ್ಸು...

ಈಗ ಒಂದು ಮಾತು, ನಗಚಾಟಿಕಿ ಬಿಟ್ಟು ಹೇಳ್ತೀನಿ. ಕೂಸು ಚಟ್ಟದ ಮ್ಯಾಲೆ ಮಲಗಿದ್ದನ್ನ ಡೈರೆಕ್ಟರು ಕ್ಯಾಮೆರದಾಗಿಂದ ಅಳಿಸಿ ಹಾಕ್ಯಾನ. ನನ್ನ ಎದುರಿಗೇ ಅಳಿಸ್ಯಾನ. ಇನ್ನ ಉಳಿದಿದ್ದು, ಆಕಿ ತಿರುಗಿ ಮನಿಗೆ ಬಂದು ರೊಟ್ಟಿ ತಿನ್ನೋದು. ಅದು ನೀ ಹೂಂ ಅಂದ್ರಷ್ಟಾ. ನನ್ನ ಹೆಬ್ಬೆಟ್ಟಿನ ಕಾಗದ ಹರದು ಒಲಿಗೆ ಹಾಕೀನಿ, ಹೊಸಾದು ನಿನ್ನ ಸಹಿಗೆ ಕಾಯಾಕತ್ತೈತಿ. ಬ್ಯಾಡ ಅಂದ್ರ ಬ್ಯಾಡ, ಆಕಿನ ಬಸ್ಸಿಗೆ ಹತ್ತಿಸ್ತೀನಿ. ಹೇಳು...

ಹೂಂ...

ಹೂಂ, ಕೇಳಾಕತ್ತೀನಿ... ನಿಧಾನಕ ಯೋಚನಿ ಮಾಡು, ಅವಸರಿಲ್ಲ...

ನೀನಾ ಬರ್ತೀಯಾ? ಸಂಜಿ ಬಸ್ಸಿಗೆ? ನೋಡಿ ಆಮ್ಯಾಕ ಸಹಿ ಮಾಡ್ತೀಯಾ?... ಹಂಗಾ ಆಗ್ಲಿ. ನಿನ್ನ ಎದುರಿಗೇ ರೊಟ್ಟಿ ತಿನ್ಲಿ. ನಾನಾ ಬಡೀತೀನಿ, ಪಿಚ್ಚರ್‌ನಾಗಾದ್ರೂ ಆಕಿ ಸುಡು ಸುಡು ರೊಟ್ಟಿ ತಿನ್ಲಿ, ನಿಮ್ಮ ಮನ್ಯಾಗ ಬರೇ ಬ್ರೆಡ್ಡು...

ಇರು, ಇಡಬ್ಯಾಡ. ಮುಖ್ಯದ್ದಾ ಹೇಳಿಲ್ಲ. ಫೋನು ಕುಂಯ್ ಕುಂಯ್ ಅನ್ನಾಕತ್ತೈತಿ, ಚಾರ್ಜ್ ಇಲ್ಲ ಕಾಣ್ತೈತಿ, ಲಗು ಹೇಳ್ತೀನಿ...

ನನ್ನ ಮಲಗಿಸಿದ್ರು. ಬಿಳೀ ಅರಿವಿ, ಹಾರ, ಮೂಗಿನಾಗ ಹತ್ತಿ. ಕ್ರಾಂತೀನ ದೂರ ನಿಂದ್ರಸ್ರಿ, ದೆವ್ವದ ಹತ್ರ ಇರ್ಲಿ ಅಂದಿದ್ದೆ. ಉಳಿದ ಹನ್ನೊಂದು ಮಂದಿ ಅಳಾಕ ಹತ್ತಿದ್ರು. ಇವತ್ತು ಎಮ್ಮಿ ಇಲ್ಲ, ಅತ್ತಿ ಇಲ್ಲ, ನನ್ನ ಹೆಸರು ಹಿಡದಾ ಅತ್ರು. ಮುದುಕಿ, ನಡೀತೈತಿ ಅಂತ. ನನ್ನ ಗುಣ ಎಷ್ಟು ಹೊಗಳಿದ್ರು ಅಂದ್ರ, ಯಾರೋ ಬ್ಯಾರೆ ದುರುಗಮ್ಮ ಸತ್ತಿರಬೇಕು ಅಂತ ಕಣ್ಣು ತೆರೆದು ನೋಡೋಣ ಅನಿಸ್ತು...

ಹೇಳ್ತೀನಿ, ಹೇಳ್ತೀನಿ. ಒಳಗ ಮಾತ್ರ, ನಿನಗೊಬ್ಬಾಕಿಗೆ ಹೇಳ್ತೀನಿ, ಹತ್ತಿ ಇಟ್ಟಾಗ ಎದಿ ಡಬ ಡಬ ಅಂತು. ಅರವತ್ತೆಂಟು ವರ್ಷದಾಕಿ ನಾನು, ನನಗಾ ಹಂಗಾತು. ಕೂಸಿಗೆ ಹೆಂಗಾಗಿರಬೇಕು ಅಂತ ಅಲ್ಲೇ ಮಲಗಿ ಅನ್ಕೊಂಡೆ. ಅಷ್ಟರಾಗ ಸಣ್ಣ ಕಾಲಿನ ಸಪ್ಪಳ. ಯಾರೂ ಕರೆದಿಲ್ಲ, ಯಾರೂ ಹೇಳಿಲ್ಲ. ದೆವ್ವದ ಕೈ ಕೊಸರಿಕೊಂಡು ಓಡಿ ಬಂದಾಳ ನಿನ್ನ ಮಗಳು. ಎಲ್ಲಾರೂ ಮುತ್ತು ಕೊಡ್ತಾಳ ಅನ್ಕೊಂಡ್ರು. ಕಿವ್ಯಾಗ ಬಗ್ಗಿ ಏನಂದ್ಲು ಗೊತ್ತೇನು?...

"ಅಜ್ಜಿ, ಹತ್ತಿ ಇಟ್ರ ಅಂಜಿಕಿ ಆಗ್ತೈತಿ. ನನಗೂ ಆಗಿತ್ತು. ನಾ ಇಲ್ಲೇ ಅದೀನಿ, ನನ್ನ ಬೆರಳು ಹಿಡ್ಕೊ."

ಅಂದು, ಅರಿವಿ ಒಳಗ ಕೈ ತೂರಿಸಿ, ನನ್ನ ಮುಟಗ್ಯಾಗ ಕಿರುಬೆರಳು ಇಟ್ಲು...

ಹೂಂ... ಅತ್ತುಬಿಡು, ಇದಕ್ಕ ಅತ್ರ ತಪ್ಪಿಲ್ಲ...

ಅತ್ತಾತಾ? ಈಗ ನೀ ಹೇಳು. ನಾನು ಸತ್ತಾಕಿ. ಕ್ಯಾಮೆರ ಓಡಾಕತ್ತೈತಿ. ಡೈರೆಕ್ಟರು ಉಸುರು ಬಿಗಿ ಹಿಡದು ನಿಂತಾನ, ಸುತ್ತ ಹನ್ನೊಂದು ಮಂದಿ ಎದಿ ಬಡಕೊಳ್ಳಾಕತ್ಯಾರ. ಸತ್ತಾಕಿ ಆ ಬೆರಳಿಗೆ ಏನು ಮಾಡಿರಬೇಕು, ಹೇಳು ನೋಡೋಣ?... ಗಟ್ಟಿ ಹಿಡದೆ ಅಂತೀಯಾ?... ಅಲ್ಲ, ಬರೇ ಅಷ್ಟಾ ಮಾಡಿದ್ರ ನಾ ದುರುಗಮ್ಮ ಹೆಂಗಾದೆ? ಇನ್ನೊಂದು ಸಲ ಹೇಳು, ನೀ ನನ್ನ ಮಗಳು, ನಿನಗ ಗೊತ್ತಿರ್ತೈತಿ... ಅದೂ ಅಲ್ಲ, ಆದ್ರ ಹತ್ರ ಬಂದಿ... ಹಾಂ? ಏನಂದಿ? ಜೋರಾಗಿ... ಹಲೋ?... ಸಂಗವ್ವ, ಹಲೋ...